ಹಳೇ ಕಾರಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ವಾ? ಎಮಿಷನ್ ಟೆಸ್ಟ್‌ಗೆ ಹೋಗುವ ಮುನ್ನ ತಿಳಿದಿರಲಿ

ಕಾರಿಗೆ ಹದಿನೈದು ವರ್ಷ ತುಂಬುತ್ತಿದೆ, ಆರ್‌ಸಿ ರಿನೀವಲ್ ಮಾಡಿಸಬೇಕು ಅಂತ ಎಮಿಷನ್ ಟೆಸ್ಟ್‌ಗೆ ಹೋದರೆ ಕಂಪ್ಯೂಟರ್ 'ಫೇಲ್' ಅನ್ನುತ್ತೆ. ಗ್ಯಾರೇಜಿಗೆ ತಂದರೆ ಮೆಕ್ಯಾನಿಕ್ ಕೆಳಗೆ ಬಗ್ಗಿ ನೋಡಿ, "ಅಣ್ಣಾ, ಇದ್ರಲ್ಲಿ ಕನ್ವರ್ಟರೇ ಇಲ್ಲ, ಯಾರೋ ಬರೀ ಪೈಪ್ ಹಾಕಿ ವೆಲ್ಡಿಂಗ್ ಮಾಡಿದಾರೆ" ಅಂತಾನೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕಾರು, ಓಮ್ನಿ ತಗೊಂಡವರಿಗೆ ಇದು ಎದುರಾಗುವ ಕಷ್ಟ. ಹಾಗಂತ ಆತುರಪಟ್ಟು ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕಾರು ಕಂಪನಿಯಿಂದ ಹೊರಬರುವಾಗ ಅದರಲ್ಲಿ ಕನ್ವರ್ಟರ್ ಇತ್ತೇ, ಇಲ್ಲವೇ?

ಕನ್ವರ್ಟರ್ ಮಾಡುವ ಕೆಲಸ ಏನು?

ಎಂಜಿನ್‌ಗೂ ಸೈಲೆನ್ಸರ್‌ಗೂ ನಡುವೆ, ಹೊಗೆ ಪೈಪಿನಲ್ಲಿ ಕೂರುವ ಸ್ಟೀಲ್ ಡಬ್ಬಿಯೇ ಕ್ಯಾಟಲಿಟಿಕ್ ಕನ್ವರ್ಟರ್. ಒಳಗೆ ಜೇನುಗೂಡಿನಂತೆ ಸಣ್ಣ ಸಣ್ಣ ತೂತುಗಳಿರುವ ಪಿಂಗಾಣಿ ದಿಮ್ಮಿ ಇರುತ್ತೆ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪನ. ಬಿಸಿ ಹೊಗೆ ಇದರ ಮೂಲಕ ಹಾಯುವಾಗ ವಿಷಕಾರಿ ಕಾರ್ಬನ್ ಮೋನಾಕ್ಸೈಡ್ ಇಂಗಾಲದ ಡೈಆಕ್ಸೈಡ್ ಆಗುತ್ತೆ. ಸುಡದೆ ಉಳಿದ ಪೆಟ್ರೋಲ್ ಆವಿ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತೆ. ಮೂರನೆಯದಾಗಿ ನೈಟ್ರೋಜನ್ ಆಕ್ಸೈಡ್‌ಗಳೂ ಒಡೆಯುತ್ತವೆ. ಡಬ್ಬಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿ ಆದ ಮೇಲಷ್ಟೇ ಸರಿಯಾಗಿ ಕೆಲಸ ಮಾಡುತ್ತೆ. ಎಂಜಿನ್ ತಣ್ಣಗಿರುವಾಗಲೇ ಟೆಸ್ಟ್ ಮಾಡಿಸಿದರೆ ಒಳ್ಳೇ ಕಾರೂ ಫೇಲ್ ಆಗೋದು ಇದೇ ಕಾರಣಕ್ಕೆ.

ಮಾಯ ಆಗೋದು ಹೇಗೆ?

ಒಂದು, ಕಳ್ಳತನ. ಒಳಗಿನ ಲೋಹ ಕೆಲವೇ ಗ್ರಾಂ ಇದ್ದರೂ ಬೆಲೆ ಬಾಳುತ್ತೆ. 2021ರ ಸುಮಾರಿಗೆ ರೋಡಿಯಂ ಬೆಲೆ ಚಿನ್ನಕ್ಕಿಂತ ಎಷ್ಟೋ ಪಟ್ಟು ಏರಿದಾಗ ಗುಜರಾತ್, ಮಹಾರಾಷ್ಟ್ರದಲ್ಲಿ ನಿಲ್ಲಿಸಿದ್ದ ವ್ಯಾನ್‌ಗಳ ಸೈಲೆನ್ಸರನ್ನೇ ಬಿಚ್ಚಿಕೊಂಡು ಹೋದ ಪ್ರಕರಣಗಳು ಸಾಲಾಗಿ ದಾಖಲಾದವು.

ಎರಡು, ಗ್ಯಾರೇಜಿನಲ್ಲೇ ತೆಗೆಯೋದು. ಡಬ್ಬಿ ಕಟ್ಟಿಕೊಂಡರೆ ಕಾರು ಎಳೆಯಲ್ಲ, ಏರಿನಲ್ಲಿ ಉಸಿರುಗಟ್ಟಿದ ಹಾಗೆ ಆಡುತ್ತೆ. ಹೊಸದರ ಬೆಲೆ ಕೇಳಿ ಮಾಲೀಕರು ಹಿಂಜರಿದಾಗ ಒಳಗಿನ ಜೇನುಗೂಡನ್ನು ಕುಟ್ಟಿ ಉದುರಿಸಿ ಖಾಲಿ ಡಬ್ಬಿ ವಾಪಸ್ ಹಾಕುತ್ತಾರೆ, ಇಲ್ಲವೇ ನೇರ ಪೈಪ್ ಜೋಡಿಸುತ್ತಾರೆ. ಹೊರಗಿನಿಂದ ನೋಡಿದರೆ ಖಾಲಿ ಡಬ್ಬಿ ಯಾವುದು, ಸರಿ ಇರೋದು ಯಾವುದು ಅಂತ ಗೊತ್ತೇ ಆಗಲ್ಲ. ಎಂಜಿನ್ ತಣ್ಣಗಿದ್ದಾಗ ಕೈಯಿಂದ ತಟ್ಟಿ ನೋಡಿ. ಒಳಗೆ ಗಲಗಲ ಅಂದರೆ ದಿಮ್ಮಿ ಒಡೆದಿದೆ. ಪೊಳ್ಳು ಸದ್ದು ಬಂದರೆ ಒಳಗೆ ಏನೂ ಇಲ್ಲದಿರಬಹುದು.

ನಿಮ್ಮ ಕಾರಿಗೆ ಯಾವ ಮಿತಿ?

1995ರ ಏಪ್ರಿಲ್‌ನಿಂದ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈನಲ್ಲಿ ಮಾರುವ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ಸೀಸ ಇರುವ ಪೆಟ್ರೋಲ್ ಕನ್ವರ್ಟರನ್ನು ಹಾಳು ಮಾಡುತ್ತೆ. ಹಾಗಾಗಿ ಸೀಸರಹಿತ ಪೆಟ್ರೋಲ್ ಎಲ್ಲಿ ಸಿಗುತ್ತೋ ಅಲ್ಲಿ ಮಾತ್ರ ಇದು ಸಾಧ್ಯವಿತ್ತು. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು, ಅದೇ ವರ್ಷ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಬಿಗಿ ನಿಯಮವೂ ಬಂತು. ಅಲ್ಲಿಂದ ಮುಂದೆ ಪೆಟ್ರೋಲ್ ಕಾರುಗಳಲ್ಲಿ ಕನ್ವರ್ಟರ್ ಮಾಮೂಲಿ ಭಾಗ. ಅದಕ್ಕೂ ಹಿಂದಿನ ಪದ್ಮಿನಿ, ಪೆಟ್ರೋಲ್ ಅಂಬಾಸಿಡರ್, ಮೊದಮೊದಲ ಮಾರುತಿ 800ರಲ್ಲಿ ಅದು ಇರಲೇ ಇಲ್ಲ.

ಪೆಟ್ರೋಲ್ ಕಾರುಗಳ ಎಮಿಷನ್ ಟೆಸ್ಟ್‌ನಲ್ಲಿ ಐಡ್ಲಿಂಗ್ ಮಿತಿ ಹೀಗಿದೆ:

- ಬಿಎಸ್-2ಕ್ಕಿಂತ ಹಿಂದಿನವು: ಕಾರ್ಬನ್ ಮೋನಾಕ್ಸೈಡ್ ಶೇ 3, ಹೈಡ್ರೋಕಾರ್ಬನ್ 1,500 ಪಿಪಿಎಂ
- ಬಿಎಸ್-2 ಮತ್ತು ಬಿಎಸ್-3: ಶೇ 0.5, 750 ಪಿಪಿಎಂ
- ಬಿಎಸ್-4: ಶೇ 0.3, 200 ಪಿಪಿಎಂ

ಇಲ್ಲೊಂದು ಸೂಕ್ಷ್ಮ ಇದೆ. ಬಿಎಸ್-3 ದೇಶಕ್ಕೆಲ್ಲ ಬಂದದ್ದು 2010ರಲ್ಲಿ, ಬಿಎಸ್-4 ಬಂದದ್ದು 2017ರ ಏಪ್ರಿಲ್‌ನಲ್ಲಿ. ಆದರೆ ಬೆಂಗಳೂರು ಸೇರಿ ದೊಡ್ಡ ನಗರಗಳಿಗೆ ಬಿಎಸ್-4 2010ರಲ್ಲೇ ಬಂದಿತ್ತು. ಹಾಗಾಗಿ 2011ರಲ್ಲಿ ಜಿಲ್ಲೆಯಲ್ಲೇ ರಿಜಿಸ್ಟರ್ ಆದ ಕಾರು ಬಿಎಸ್-3 ಇರಬಹುದು, ಅದೇ ವರ್ಷದ ಬೆಂಗಳೂರು ನಂಬರಿನ ಕಾರು ಬಿಎಸ್-4 ಆಗಿರುತ್ತೆ. ಬೆಂಗಳೂರಿನಿಂದ ಹಳೇ ಕಾರು ತರುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಕನ್ವರ್ಟರ್ ಇಲ್ಲದೆ ಬಂದ ಕಾರು ಶೇ 3ರ ಮಿತಿಯಲ್ಲಿ ಪಾಸ್ ಆಗಲು ಕಾರ್ಬುರೇಟರ್ ಟ್ಯೂನಿಂಗ್, ಪ್ಲಗ್, ಏರ್ ಫಿಲ್ಟರ್ ಸರಿ ಇದ್ದರೆ ಸಾಕಾಗುತ್ತೆ. ಅದಕ್ಕೆ ಯಾರಾದರೂ ಕನ್ವರ್ಟರ್ ಮಾರಲು ಬಂದರೆ ಬೇಡ ಅನ್ನಬಹುದು. ಆದರೆ ಶೇ 0.5 ಅಥವಾ 0.3ರ ಮಿತಿ ಇಟ್ಟಿರುವುದೇ ಕನ್ವರ್ಟರ್ ಇದೆ ಅನ್ನುವ ಲೆಕ್ಕದಲ್ಲಿ. ಅದಿಲ್ಲದೆ ಅಂಥ ಕಾರು ಪಾಸ್ ಆಗೋದು ಬಹಳ ಕಷ್ಟ.

ಕಾನೂನು ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 190(2)ರ ಪ್ರಕಾರ ಹೊಗೆ ಮಿತಿ ಮೀರಿದ ವಾಹನ ಓಡಿಸಿದರೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಮೂರು ತಿಂಗಳು ಲೈಸೆನ್ಸ್ ಕೂಡ ಅನರ್ಹವಾಗುತ್ತೆ. ಅನುಮತಿ ಇಲ್ಲದೆ ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ ಸೆಕ್ಷನ್ 182ಎ ಪ್ರಕಾರ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡಕ್ಕೂ ಅವಕಾಶವಿದೆ. ಎಮಿಷನ್ ಸರ್ಟಿಫಿಕೇಟ್ ಬಿಎಸ್-4 ಮತ್ತು ನಂತರದ ವಾಹನಕ್ಕೆ ಒಂದು ವರ್ಷ, ಹಳೆಯದಕ್ಕೆ ಆರು ತಿಂಗಳು ನಡೆಯುತ್ತೆ.

ದಂಡಕ್ಕಿಂತ ದೊಡ್ಡ ವಿಷಯ ಜೀವದ್ದು. ಡಬ್ಬಿ ಕತ್ತರಿಸಿ ಅರೆಬರೆ ವೆಲ್ಡಿಂಗ್ ಮಾಡಿದ ಪೈಪ್ ಸೋರಿದರೆ, ಹೊಗೆ ಗಾಡಿಯ ತಳದಿಂದ ಒಳಗೇ ನುಗ್ಗಬಹುದು. ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಾಜು ಏರಿಸಿದ ವ್ಯಾನಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಇದನ್ನು ಹಗುರವಾಗಿ ತಗೋಬಾರದು.

ಹೊಸದು ಹಾಕಿಸುವ ಮುನ್ನ

- ಮೊದಲು ಎಂಜಿನ್ ಸರಿ ಮಾಡಿಸಿ. ಪ್ಲಗ್ ಕಿಡಿ ಬಿಡದಿದ್ದರೆ ಸುಡದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೊತ್ತಿಕೊಂಡು ದಿಮ್ಮಿ ಕರಗುತ್ತೆ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೂ ಹೊಸ ಡಬ್ಬಿ ಬೇಗ ಕೆಡುತ್ತೆ.
- ಆಕ್ಸಿಜನ್ ಸೆನ್ಸರ್ ಚೆಕ್ ಮಾಡಿಸಿ. ಗಾಳಿ-ಪೆಟ್ರೋಲ್ ಪ್ರಮಾಣ ಸುಮಾರು 14.7ಕ್ಕೆ 1 ಇದ್ದಾಗಲೇ ಕನ್ವರ್ಟರ್ ಮೂರೂ ಕೆಲಸ ಮಾಡೋದು. ಎಂಪಿಎಫ್‌ಐ ಕಾರಿನಲ್ಲಿ ಆ ಲೆಕ್ಕ ಹಿಡಿಯೋದು ಈ ಸೆನ್ಸರ್.
- ಕಾರಿನ ಮಾಡೆಲ್, ವರ್ಷ, ಬಿಎಸ್ ಹಂತ ಹೇಳಿ ಅದಕ್ಕೆ ಹೊಂದುವ ಭಾಗವನ್ನೇ ಕೇಳಿ. ಗುಜರಿಯಿಂದ ತಂದ ಡಬ್ಬಿ ಒಳಗೆ ಖಾಲಿ ಇದ್ದರೂ ಇರಬಹುದು.
- ಬಿಲ್ ತಗೊಳ್ಳಿ, ಗ್ಯಾರಂಟಿ ಬರೆಸಿಕೊಳ್ಳಿ.
- ಬಿಚ್ಚಿದ ಹಳೇ ಡಬ್ಬಿ ಕೆಟ್ಟಿದ್ದರೂ ಅದು ನಿಮ್ಮದೇ. ವಾಪಸ್ ಕೇಳಿ, ಇಲ್ಲವೇ ಅದರ ಬೆಲೆಯನ್ನು ಬಿಲ್‌ನಲ್ಲಿ ಕಳೆಯಲು ಹೇಳಿ.
- ಟೆಸ್ಟ್‌ಗೆ ಮುಂಚೆ ಹತ್ತು-ಹದಿನೈದು ನಿಮಿಷ ಕಾರು ಓಡಿಸಿ, ಎಂಜಿನ್ ಬಿಸಿ ಇರುವಾಗಲೇ ಒಯ್ಯಿರಿ.

ಐವತ್ತು ದಾಟಿದ ಕಾರಿದ್ದರೆ

ತಾತನ ಕಾಲದ ಕಾರು ಇನ್ನೂ ಶೆಡ್‌ನಲ್ಲಿ ಇರುವ ಮನೆಗಳಿಗೆ ಬೇರೆ ದಾರಿ ಇದೆ. 2021ರಲ್ಲಿ ಬಂದ ನಿಯಮದಂತೆ 50 ವರ್ಷ ಮೀರಿದ, ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರ್ ಪ್ಲೇಟ್‌ನಲ್ಲಿ 'ವಿಎ' ಅಕ್ಷರ ಬರುತ್ತೆ. ಆದರೆ ಪ್ರದರ್ಶನ, ರ್‍ಯಾಲಿ, ರಿಪೇರಿಯಂಥ ಕೆಲಸಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಸಂತೆಗೆ, ಅಂಗಡಿಗೆ ದಿನಾ ಓಡಿಸುವ ಹಾಗಿಲ್ಲ.

ಉಳಿದವರು ಆರ್‌ಸಿ ಅವಧಿ ಮುಗಿಯುವ ಎರಡು ತಿಂಗಳ ಮುಂಚೆಯೇ ಕಾರನ್ನು ರ್‍ಯಾಂಪ್ ಹತ್ತಿಸಿ ಕೆಳಗೆ ಏನಿದೆ, ಏನಿಲ್ಲ ಅಂತ ನೋಡಿಸಿಬಿಡುವುದು ಒಳ್ಳೇದು. 2022ರ ಏಪ್ರಿಲ್‌ನಲ್ಲೇ ಕಾರಿನ ರಿನೀವಲ್ ಶುಲ್ಕ 600ರಿಂದ 5,000 ರೂಪಾಯಿಗೆ ಏರಿದೆ. ಕನ್ವರ್ಟರ್, ರಿಪೇರಿ, ಶುಲ್ಕ ಮೂರನ್ನೂ ಕೂಡಿಸಿ, ಅಷ್ಟು ಖರ್ಚು ಮಾಡಿ ಕಾರು ಇಟ್ಟುಕೊಳ್ಳಬೇಕೇ ಬೇಡವೇ ಅಂತ ಆಗಲೇ ತೀರ್ಮಾನಿಸಬಹುದು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಾದರೆ ಅಡ್ವಾನ್ಸ್ ಕೊಡುವ ಮುಂಚೆಯೇ ಬಗ್ಗಿ ನೋಡಬೇಕು. ಕಂಪನಿ ಕೊಟ್ಟ ಡಬ್ಬಿ ಇಲ್ಲದಿದ್ದರೆ, ಅದರ ಬೆಲೆ ಕಾರಿನ ರೇಟಿನಲ್ಲಿ ಕಳೆಯಲೇಬೇಕು.