ಕರಾಮದ ಅಡುಗೆಮನೆಗೆ ಉರಿಯಿಲ್ಲದ ಒಲೆ

ಉರಿಯಿಲ್ಲದೆ ಅಡುಗೆಯೆಂದರೆ ನಮ್ಮ ಹಿರಿಯರಿಗೆ ಅದೊಂದು ಒಗಟಾಗಿ ತೋರೀತು. ಆದರೆ ದುಬೈಯ ಕರಾಮದಲ್ಲಿ ನೆಲೆಸಿರುವ ನಮ್ಮಂಥವರಿಗೆ ಅದು ನಿತ್ಯದ ಅನುಕೂಲ. ಹೊರಗೆ 40 ಡಿಗ್ರಿ ಮೀರಿದ ಬೇಸಗೆ, ಒಳಗೆ ಕಿರಿದಾದ ಅಡುಗೆಮನೆ; ದಂಪತಿಗಳಿಬ್ಬರೂ ದುಡಿಯುವ ಸಂಸಾರಗಳು, ಒಂದೇ ಫ್ಲಾಟಿನಲ್ಲಿ ಸರದಿಯಂತೆ ಅಡುಗೆ ಮಾಡುವ ತರುಣರು. ಇವರೆಲ್ಲರಿಗೂ ಮೈಕ್ರೋವೇವ್ ಓವನ್ ನೆರವಾಗಬಲ್ಲದು, ಅದರ ಗುಣ ಮತ್ತು ಮಿತಿಗಳನ್ನು ಅರಿತು ಬಳಸಿದರೆ.

ಇದರ ಮೂಲ ರೇಡಾರ್ ತಂತ್ರಜ್ಞಾನ. 1945ರಲ್ಲಿ ಅಮೆರಿಕದ ಪರ್ಸಿ ಸ್ಪೆನ್ಸರ್ ಎಂಬ ತಂತ್ರಜ್ಞರು ಮ್ಯಾಗ್ನೆಟ್ರಾನಿನ ಅಲೆಗಳಿಂದ ಆಹಾರ ಬಿಸಿಯಾಗುವುದನ್ನು ಗುರುತಿಸಿದರು. ಮೇಜಿನ ಮೇಲಿಡುವ ಮನೆಬಳಕೆಯ ಓವನ್ 1967ರಲ್ಲಿ ಅಲ್ಲಿನ ಮಾರುಕಟ್ಟೆಗೆ ಬಂದಿತು. ಸುಮಾರು 2450 ಮೆಗಾಹರ್ಟ್ಸ್ ಆವರ್ತದ ಅಲೆಗಳು ಮುಖ್ಯವಾಗಿ ಆಹಾರದಲ್ಲಿನ ನೀರಿನ ಅಣುಗಳನ್ನು ಅಲುಗಾಡಿಸಿ ಶಾಖವನ್ನು ಹುಟ್ಟಿಸುತ್ತವೆ. ಅವು ಕೆಲವೇ ಸೆಂಟಿಮೀಟರ್ ಆಳಕ್ಕೆ ಇಳಿಯುವುದರಿಂದ ನಡುನಡುವೆ ಕಲಕುವುದೂ, ಹೊರತೆಗೆದ ಮೇಲೆ ತುಸು ಹೊತ್ತು ಮುಚ್ಚಿಡುವುದೂ ಅವಶ್ಯ.

ನನ್ನ ಅನುಭವದಲ್ಲಿ ಹಪ್ಪಳ ಎಣ್ಣೆಯಿಲ್ಲದೆ ಒಂದು ನಿಮಿಷದೊಳಗೆ ಅರಳುತ್ತದೆ. ತರಕಾರಿ ಕಡಿಮೆ ನೀರಿನಲ್ಲಿ ಬಣ್ಣಗೆಡದೆ ಬೇಯುತ್ತದೆ. ಉಪ್ಪಿಟ್ಟಿನ ರವೆಯನ್ನೂ ಆಗಾಗ ಕೈಯಾಡಿಸುತ್ತ ಹುರಿಯಬಹುದು. ಆದರೆ ಒಗ್ಗರಣೆಗೆ ಒಲೆಯೇ ಬೇಕು; ಕರಿಯುವ ಕೆಲಸವನ್ನಂತೂ ಇದರಲ್ಲಿ ಮಾಡಲೇಬಾರದು. ಬದನೆಕಾಯಿ ಬೇಯುತ್ತದೆ, ಕೆಂಡದಲ್ಲಿ ಸುಟ್ಟ ಪರಿಮಳ ಬಾರದು. ಕೆಂಪಗಾಗುವ ಗುಣ ಬೇಕಾದಲ್ಲಿ ಕಾಂಬಿನೇಷನ್ ಓವನ್ ಉಪಯುಕ್ತ: ಅದರ ಗ್ರಿಲ್ ಮತ್ತು ಬಿಸಿಗಾಳಿ ಮಸಾಲೆ ಹಚ್ಚಿದ ಮೀನಿಗೂ ನಾನ್‌ಖಟಾಯಿಗೂ ಹೊಂಬಣ್ಣ ಕೊಡುತ್ತವೆ. ತಿಂಗಳಿಗೊಮ್ಮೆಯೂ ಬೇಕ್ ಮಾಡದವರಿಗೆ ಸಾಮಾನ್ಯ ಮಾದರಿಯೇ ಸಾಕು.

ಎಚ್ಚರಿಕೆಯ ಮಾತುಗಳೂ ಇವೆ. ಸ್ಟೀಲ್ ಡಬ್ಬಿ ಒಳಗೆ ಹೋಗಕೂಡದು. ಸಿಪ್ಪೆಸಹಿತ ಮೊಟ್ಟೆ ಸಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಅನ್ನದ ವಿಷಯ. ರಾತ್ರಿಯಿಡೀ ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಉಂಟುಮಾಡುವ ಒಂದು ವಿಷವು ಮತ್ತೆ ಬಿಸಿಮಾಡಿದರೂ ನಾಶವಾಗದು. ಆದ್ದರಿಂದ ಉಳಿದ ಅನ್ನವನ್ನು ಹರಡಿ, ಬೇಗ ಆರಿಸಿ, ಒಂದೆರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಬೇಕು. ಮರುದಿನ ಒಮ್ಮೆ ಮಾತ್ರ, ಹಬೆಯಾಡುವಂತೆ ಬಿಸಿಮಾಡಿ ಉಣ್ಣಬೇಕು. ರಾತ್ರಿ ಪಾಳಿ ಮುಗಿಸಿ ಬಂದು ಪಾತ್ರೆ ತೆರೆಯುವ ತರುಣರು ಇದನ್ನು ಮರೆಯದಿರಲಿ.

ಯಂತ್ರ ಬಂದೊಡನೆ ನಮ್ಮ ರುಚಿ ಅಳಿಯಿತೆಂಬ ಅಳಲು ಅಲ್ಲಲ್ಲಿ ಕೇಳಿಬರುತ್ತದೆ. ರುಬ್ಬುವ ಕಲ್ಲಿನ ಜಾಗಕ್ಕೆ ಗ್ರೈಂಡರ್ ಬಂದ ಮೇಲೂ ಇಡ್ಲಿ ಇಡ್ಲಿಯಾಗಿಯೇ ಉಳಿದಿದೆಯಲ್ಲವೇ? ಹುಳಿಪುಡಿಯ ಹದವನ್ನು ಯಾವ ಗುಂಡಿಯೂ ತಿಳಿಯದು. ಅದನ್ನು ಮಕ್ಕಳಿಗೆ ನಾವೇ ಕಲಿಸಬೇಕು. ಒಲೆಯ ಮುಂದೆ ಉಳಿದ ಅರ್ಧ ಗಂಟೆಯಲ್ಲಿ ಮನೆಮಂದಿ ಒಟ್ಟಿಗೆ ಕುಳಿತು, ಕನ್ನಡದಲ್ಲಿ ಮಾತನಾಡುತ್ತ ಉಣ್ಣುವಂತಾದರೆ ಈ ಪೆಟ್ಟಿಗೆಗೆ ಕೊಟ್ಟ ದಿರ್ಹಮ್‌ಗಳು ಸಾರ್ಥಕ.