ಹೆಸರಿಡುವವರು, ಕರೆಯುವವರು

ನೇಗಿಲಿನ ಮೇಣಿ, ಈಸು, ಕುಳ ಎಂಬ ಹೆಸರುಗಳನ್ನು ಇಟ್ಟವರು ಯಾರೆಂದು ಹೇಳಲು ಬರುವುದಿಲ್ಲ. ಮರ ಕೆತ್ತಿದ ಬಡಗಿ, ಕಬ್ಬಿಣ ಕಾಯಿಸಿ ಬಡಿದ ಕಮ್ಮಾರ, ಹಿಡಿದು ಉತ್ತ ರೈತ ಮೂವರೂ ತಲೆಮಾರುಗಳ ಕಾಲ ಆಡಿ ಆಡಿ ಸವೆಸಿದ ಮಾತುಗಳು ಅವು, ಮತ್ತು ಊರಿಂದ ಊರಿಗೆ ಉಚ್ಚಾರ ಬದಲಾದರೂ ಮೇಣಿಯೆಂದರೆ ಕೈ ಎಲ್ಲಿಗೆ ಹೋಗಬೇಕೆಂಬುದರಲ್ಲಿ ಯಾರಿಗೂ ಗೊಂದಲವಿರಲಿಲ್ಲ. ಗಣಕಯಂತ್ರದ ಜಗತ್ತಿನಲ್ಲಿ ಈ ಕ್ರಮ ತಲೆಕೆಳಗಾಗಿದೆ. ಇಲ್ಲಿ ವಸ್ತು ಬಳಕೆದಾರನ ಕೈಸೇರುವುದಕ್ಕೆ ಮೊದಲೇ ಅದಕ್ಕೆ ಹೆಸರು ಬಿದ್ದಿರುತ್ತದೆ. ಹೆಸರಿಟ್ಟವರು ಬೇರೊಂದು ದೇಶದ, ಬೇರೊಂದು ಭಾಷೆಯ ಕೆಲವೇ ಮಂದಿಯಾಗಿರುತ್ತಾರೆ, ಕರೆಯಬೇಕಾದವರು ಕೋಟಿಗಟ್ಟಲೆ ಇರುತ್ತಾರೆ. ಯಂತ್ರದೊಡನೆ ಪಡುವ ತೊಡಕಿಗೆ ತಮ್ಮ ಅಜ್ಞಾನವೇ ಕಾರಣವೆಂದು ಸಾಮಾನ್ಯ ಬಳಕೆದಾರರು ಕುಗ್ಗುವುದುಂಟು. ಆದರೆ ಆ ತೊಡಕಿನ ದೊಡ್ಡ ಪಾಲು ಹೆಸರಿಡುವವರಿಗೂ ಕರೆಯುವವರಿಗೂ ನಡುವಿನ ಈ ದೂರದಿಂದ ಹುಟ್ಟಿದ್ದು.

ಮೊದಲ ಹೆಸರುಗಳು ಮೊಟಕಾಗಿದ್ದುದಕ್ಕೆ ಯಂತ್ರದ ಬಡತನವೇ ಕಾರಣವಾಗಿತ್ತು. 1957ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಅಂದರೆ ಯಂತ್ರಕ್ಕೆ ಕೆಲಸ ಹೇಳಲು ಮನುಷ್ಯರು ಬರೆಯುವ ಕಟ್ಟುನಿಟ್ಟಿನ ಸಂಕೇತಭಾಷೆಯಲ್ಲಿ, ಯಾವ ಹೆಸರೂ ಆರು ಅಕ್ಷರಗಳನ್ನು ಮೀರುವಂತಿರಲಿಲ್ಲ. ಅದು ನಡೆಯುತ್ತಿದ್ದ ಯಂತ್ರದ ಸ್ಮೃತಿಯ ಒಂದೊಂದು ಕೋಶದಲ್ಲಿ 36 ಬಿಟ್‌ಗಳಿದ್ದು, ಒಂದು ಅಕ್ಷರಕ್ಕೆ 6 ಬಿಟ್ ಬೇಕಾಗಿದ್ದುದರಿಂದ ಒಂದು ಕೋಶದಲ್ಲಿ ಹಿಡಿಸುತ್ತಿದ್ದುದು ಆರೇ ಅಕ್ಷರ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಕಟ್ಟತೊಡಗಿದ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ, ಎಂದರೆ ಯಂತ್ರದ ಎಲ್ಲ ಭಾಗಗಳನ್ನೂ ನಡೆಸುವ ಮೂಲ ತಂತ್ರಾಂಶದಲ್ಲಿ, ಆಜ್ಞೆಗಳು ಇನ್ನೂ ಚಿಕ್ಕವಾದವು. ಆಗ ಕೆಲಸ ಮಾಡುವವರ ಮುಂದೆ ಪರದೆಯಿರಲಿಲ್ಲ. ಟೆಲಿಟೈಪ್ ಎಂಬ, ಗಟ್ಟಿಯಾಗಿ ಒತ್ತಬೇಕಾದ ಕೀಲಿಗಳುಳ್ಳ, ಸೆಕೆಂಡಿಗೆ ಹತ್ತು ಅಕ್ಷರಗಳನ್ನಷ್ಟೇ ಕಾಗದದ ಮೇಲೆ ಅಚ್ಚೊತ್ತುವ ಸಲಕರಣೆಯಿತ್ತು. ಒಂದು ಅಕ್ಷರ ಉಳಿಸಿದರೆ ಬೆರಳಿಗೂ ಉಪಕಾರ, ಸಮಯಕ್ಕೂ ಉಪಕಾರ. ಹಾಗಾಗಿ ಪ್ರತಿ ತೆಗೆಯುವ ಆಜ್ಞೆ ಸಿಪಿ ಆಯಿತು, ಕಡತವನ್ನು ಬೇರೆಡೆಗೆ ಸಾಗಿಸುವುದು ಎಂವಿ ಆಯಿತು, ಅಳಿಸುವುದು ಆರ್‌ಎಂ ಆಯಿತು.

ಇವುಗಳಲ್ಲಿ ಗ್ರೆಪ್ ಎಂಬ ಆಜ್ಞೆಯ ಹುಟ್ಟು ಗಮನಿಸತಕ್ಕದ್ದು. ಯುನಿಕ್ಸಿನ ಹಳೆಯ ಪಠ್ಯ ತಿದ್ದುವ ಸಾಧನದಲ್ಲಿ ಒಂದು ಪದವಿನ್ಯಾಸವನ್ನು ಕಡತದ ತುಂಬ ಹುಡುಕಿ, ಅದು ಸಿಕ್ಕ ಸಾಲುಗಳನ್ನೆಲ್ಲ ಅಚ್ಚುಮಾಡಿಸಬೇಕೆಂದರೆ ಮೊದಲು ‘ಎಲ್ಲ ಕಡೆ’ ಎಂಬುದಕ್ಕೆ ಜಿ, ನಡುವೆ ಓರೆಗೆರೆಗಳೊಳಗೆ ಹುಡುಕಬೇಕಾದ ವಿನ್ಯಾಸ, ಕೊನೆಗೆ ‘ಮುದ್ರಿಸು’ ಎಂಬುದಕ್ಕೆ ಪಿ ಎಂದು ಬರೆಯಬೇಕಿತ್ತು. ಅಂಥ ವಿನ್ಯಾಸವನ್ನು ಆ ವಲಯದಲ್ಲಿ ಸಂಕ್ಷೇಪವಾಗಿ ಆರ್‌ಇ ಎನ್ನುತ್ತಿದ್ದರು. ನಾಲ್ಕೂ ಅಕ್ಷರಗಳು ಸೇರಿ ಗ್ರೆಪ್ ಆಯಿತು. ಆ ಸಾಧನವನ್ನು ದಿನವೂ ಬಳಸುತ್ತಿದ್ದವರಿಗೆ ಇದಕ್ಕಿಂತ ಅರ್ಥಪೂರ್ಣವಾದ ಹೆಸರು ಇರಲಿಕ್ಕಿಲ್ಲ, ಏಕೆಂದರೆ ಅವರ ಬೆರಳುಗಳಿಗೆ ಆಗಲೇ ಗೊತ್ತಿದ್ದ ಚಲನೆಯೇ ಹೆಸರಾಗಿತ್ತು. ಆ ಮಟ್ಟಿಗೆ ಅದು ಮೇಣಿಯಂತೆಯೇ ಬಳಕೆಯಿಂದ ಹುಟ್ಟಿದ ಹೆಸರು. ಆದರೆ ಹಳೆಯ ಸಾಧನ ಮೂಲೆ ಸೇರಿತು, ಹೆಸರು ಉಳಿಯಿತು. ಇಂದು ಕಲಿಯಲು ಬರುವ ವಿದ್ಯಾರ್ಥಿಗೆ ಅದೊಂದು ಬಾಯಿಪಾಠದ ಮಂತ್ರ. ಟೆಲಿಟೈಪ್ ಮರೆಯಾಗಿ ದಶಕಗಳು ಕಳೆದ ಮೇಲೂ ಅದರ ಗಟ್ಟಿ ಕೀಲಿಗಳ ಶ್ರಮವನ್ನು ಲೋಕದ ಪ್ರೋಗ್ರಾಮರುಗಳು ಹೆಸರುಗಳ ರೂಪದಲ್ಲಿ ಹೊರುತ್ತಲೇ ಇದ್ದಾರೆ. ಯುನಿಕ್ಸಿನಲ್ಲಿ ಕಡತ ಸೃಷ್ಟಿಸುವ ಆಜ್ಞೆಯಾದ ಕ್ರಿಯೇಟ್ ಎಂಬುದರ ಕೊನೆಯ ‘ಇ’ ಅಕ್ಷರವನ್ನು ಕೂಡ ಬಿಟ್ಟುಬಿಡಲಾಗಿತ್ತು. ವ್ಯವಸ್ಥೆಯನ್ನು ಮತ್ತೆ ಕಟ್ಟುವುದಾದರೆ ಏನನ್ನು ಬದಲಿಸುವಿರೆಂದು ಕೇಳಿದಾಗ ಥಾಂಪ್ಸನ್ ಆ ಅಕ್ಷರವನ್ನು ಸೇರಿಸುವುದಾಗಿ ಉತ್ತರಿಸಿದ್ದು ಈ ವಲಯದಲ್ಲಿ ಪ್ರಸಿದ್ಧವಾಗಿದೆ.

ಬೇರೆಯ ದಾರಿಯೊಂದು ಆ ಕಾಲದಲ್ಲೇ ಇತ್ತು. ಅಮೆರಿಕದ ನೌಕಾಪಡೆಯ ಅಧಿಕಾರಿಯೂ ಗಣಿತಜ್ಞೆಯೂ ಆಗಿದ್ದ ಗ್ರೇಸ್ ಹಾಪರ್ ರೂಪಿಸಿದ ಭಾಷೆಯನ್ನು ಬಹುಮಟ್ಟಿಗೆ ಆಧರಿಸಿ 1960ರ ಹೊತ್ತಿಗೆ ಸಿದ್ಧವಾದ ಕೋಬಾಲ್, ಲೆಕ್ಕಪತ್ರ ನೋಡುವವರು ಓದಿ ಅರ್ಥಮಾಡಿಕೊಳ್ಳಬಲ್ಲ ಇಂಗ್ಲಿಷ್ ಪದಗಳಲ್ಲೇ ಆಜ್ಞೆಗಳಿರಬೇಕೆಂದು ಬಯಸಿತು, ಹೆಸರುಗಳಿಗೆ 30 ಅಕ್ಷರಗಳವರೆಗೆ ಎಡೆಕೊಟ್ಟಿತು. ಅದನ್ನು ಉದ್ದುದ್ದ ಮಾತಿನ ಭಾಷೆಯೆಂದು ವಿದ್ವಾಂಸರು ಹಳಿದರು. ಆದರೆ ಬರೆಯುವುದು ಒಮ್ಮೆ, ಓದುವುದು ಹಲವು ಬಾರಿ ಎಂಬ ನಿಜವನ್ನು ನೆನೆದರೆ ಹಾಪರ್ ಹಿಡಿದ ದಾರಿಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿಯಾಗಿ ಸಂದಿಲ್ಲ.

ಬಳಿಕ ವಿನೋದದ ಹೆಸರುಗಳ ಕಾಲ ಬಂದಿತು. ಡಚ್ ಪ್ರೋಗ್ರಾಮರ್ ಗೀಡೊ ವಾನ್ ರಾಸಮ್ 1991ರಲ್ಲಿ ಹೊರತಂದ ಪೈಥಾನ್ ಭಾಷೆಗೂ ಹೆಬ್ಬಾವಿಗೂ ಸಂಬಂಧವಿಲ್ಲ. ಅದು ಬ್ರಿಟನ್ನಿನ ಮಾಂಟಿ ಪೈಥಾನ್ ಎಂಬ ಹಾಸ್ಯತಂಡದ ಟಿವಿ ಕಾರ್ಯಕ್ರಮದಿಂದ ಬಂದ ಹೆಸರು. ಮೈಎಸ್‌ಕ್ಯೂಎಲ್ ಎಂಬ ದತ್ತಾಂಶ ಸಂಗ್ರಹದ ತಂತ್ರಾಂಶದ ಮೊದಲ ಭಾಗ ಅದರ ನಿರ್ಮಾಪಕರೊಬ್ಬರ ಮಗಳ ಹೆಸರು. ಇಂಥವುಗಳಿಂದ ಯಾರಿಗೂ ಹಾನಿಯಿಲ್ಲ. ಹಾನಿಯಾದದ್ದು ಮಾರುಕಟ್ಟೆ ಹೆಸರಿಟ್ಟಾಗ. ನೆಟ್‌ಸ್ಕೇಪ್ ಸಂಸ್ಥೆಯಲ್ಲಿ 1995ರಲ್ಲಿ ಬ್ರೆಂಡನ್ ಐಕ್ ರಚಿಸಿದ, ಜಾಲಪುಟಗಳಿಗೆ ಚಲನೆ ಕೊಡುವ ಭಾಷೆ ಮೊದಲು ಮೋಕಾ ಎಂದೂ ಆಮೇಲೆ ಲೈವ್‌ಸ್ಕ್ರಿಪ್ಟ್ ಎಂದೂ ಕರೆಸಿಕೊಂಡಿತ್ತು. ಅದೇ ವರ್ಷ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಜಾವಾ ಭಾಷೆ ಮನೆಮಾತಾಗುತ್ತಿದ್ದುದರಿಂದ ಆ ಕೀರ್ತಿಯ ನೆರಳಿನಲ್ಲಿ ನಿಲ್ಲಿಸುವ ಸಲುವಾಗಿ ಅದನ್ನು ಜಾವಾಸ್ಕ್ರಿಪ್ಟ್ ಎಂದು ಮರುನಾಮಕರಣ ಮಾಡಲಾಯಿತು. ಎರಡೂ ಬೇರೆ ಬೇರೆ ಭಾಷೆಗಳು. ಒಂದು ಇನ್ನೊಂದರ ಭಾಗವೂ ಅಲ್ಲ, ಸರಳ ರೂಪವೂ ಅಲ್ಲ. ಅಂದಿನಿಂದ ಇಂದಿನವರೆಗೂ ಕಲಿಯುವವರು ಒಂದರ ಪುಸ್ತಕ ಬೇಕಾದಾಗ ಇನ್ನೊಂದರದನ್ನು ಕೊಳ್ಳುವ ಸಂಭವ ಉಳಿದೇ ಇದೆ. ಒಂದು ಋತುವಿನ ವ್ಯಾಪಾರದ ಅನುಕೂಲಕ್ಕಾಗಿ ತಲೆಮಾರುಗಳ ಕಲಿಕೆಗೆ ತಡೆಯೊಡ್ಡಿದ ಈ ನಿರ್ಧಾರವನ್ನು ಚಿಕ್ಕ ತಪ್ಪೆಂದು ತಳ್ಳಿಹಾಕಲಾಗದು.

ಹೆಸರು ಬೇಡ, ಅಂಕಿಯೇ ಸಾಕು ಎನ್ನುವವರಿಗೆ ಯುಎಸ್‌ಬಿಯ ಕಥೆ ಪಾಠವಾಗಬೇಕು. ಫೋನು, ಪೆನ್‌ಡ್ರೈವ್, ಪ್ರಿಂಟರುಗಳನ್ನು ಗಣಕಕ್ಕೆ ಜೋಡಿಸುವ ಕೇಬಲ್ಲು ಮತ್ತು ಕಿಂಡಿಗಳ ಸರ್ವಮಾನ್ಯ ನಿಯಮಾವಳಿಗೆ ಯುಎಸ್‌ಬಿ ಎಂದು ಹೆಸರು. 2008ರಲ್ಲಿ ಬಂದ ಅದರ 3.0 ಆವೃತ್ತಿ ಸೆಕೆಂಡಿಗೆ 5 ಗಿಗಾಬಿಟ್, ಅಂದರೆ 500 ಕೋಟಿ ಬಿಟ್‌ಗಳಷ್ಟು ಮಾಹಿತಿಯನ್ನು ಸಾಗಿಸುವ ವೇಗವನ್ನು ಸೂಚಿಸುತ್ತಿತ್ತು. 2013ರಲ್ಲಿ ಇದರ ಇಮ್ಮಡಿ ವೇಗದ 3.1 ಬಂದಾಗ ಹಳೆಯ ವೇಗವನ್ನು ‘3.1 ಜೆನ್ 1’ ಎಂದೂ ಹೊಸದನ್ನು ‘3.1 ಜೆನ್ 2’ ಎಂದೂ ಕರೆದರು. ಮುಂದೆ 3.2 ಬಂದ ಮೇಲೆ ಅದೇ ಹಳೆಯ 5 ಗಿಗಾಬಿಟ್ ವೇಗ ‘3.2 ಜೆನ್ 1’ ಎನಿಸಿತು. ತಂತಿ ಬದಲಾಗಲಿಲ್ಲ, ವೇಗ ಬದಲಾಗಲಿಲ್ಲ, ಹೆಸರು ಮಾತ್ರ ಎರಡು ಬಾರಿ ಬದಲಾಯಿತು. ಅಂಗಡಿಯಲ್ಲಿ ನಿಂತು ದೊಡ್ಡ ಅಂಕಿ ನೋಡಿ ಹಣ ಕೊಟ್ಟವನಿಗೆ ಹಳೆಯ ವೇಗದ ಸರಕೇ ಸಿಗಬಹುದಾದ ಸ್ಥಿತಿ ಉಂಟಾಯಿತು. ಕಡೆಗೆ 2022ರಲ್ಲಿ ಆ ನಿಯಮಾವಳಿಯ ಒಕ್ಕೂಟವು ಪೊಟ್ಟಣದ ಮೇಲೆ ‘ಯುಎಸ್‌ಬಿ 5 ಜಿಬಿಪಿಎಸ್’ ಎಂಬಂತೆ ವೇಗವನ್ನೇ ನೇರವಾಗಿ ಬರೆಯಲು ಶಿಫಾರಸು ಮಾಡಿತು. ಇದಕ್ಕೆ ನಾಲ್ಕು ವರ್ಷ ಮೊದಲು ವೈ-ಫೈ ಒಕ್ಕೂಟ ಇಂಥದೇ ತಿದ್ದುಪಡಿ ಮಾಡಿ, 802.11 ಎಸಿ, 802.11 ಎಎಕ್ಸ್ ಎಂಬ ಬಾಯಿಗೆ ನಿಲುಕದ ಸಂಕೇತಗಳನ್ನು ವೈ-ಫೈ 5, ವೈ-ಫೈ 6 ಎಂದು ಸರಳಗೊಳಿಸಿತ್ತು.

ಹಾಗೆಂದು ಹೆಸರು ತನ್ನ ಅರ್ಥವನ್ನು ಹೊತ್ತೇ ತಿರುಗಬೇಕೆಂಬ ನಿಯಮವೇನೂ ಇಲ್ಲ. ಬ್ಲೂಟೂತ್ ಎಂಬುದು ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನ ಅಡ್ಡಹೆಸರು. ಬೇರೆ ಬೇರೆ ಸೀಮೆಗಳನ್ನು ಒಂದುಗೂಡಿಸಿದವನೆಂಬ ಕಾರಣಕ್ಕೆ, ಬೇರೆ ಬೇರೆ ಉಪಕರಣಗಳನ್ನು ತಂತಿಯಿಲ್ಲದೆ ಬೆಸೆಯುವ ತಂತ್ರಕ್ಕೆ ಇಂಟೆಲ್ ಸಂಸ್ಥೆಯ ಜಿಮ್ ಕಾರ್ಡಾಕ್ 1997ರಲ್ಲಿ ತಾತ್ಕಾಲಿಕವಾಗಿ ಸೂಚಿಸಿದ ಹೆಸರು ಶಾಶ್ವತವಾಯಿತು. ಕನ್ನಡಿಗರಲ್ಲಿ ಹೆಚ್ಚಿನವರು ಆ ದೊರೆಯ ಹಲ್ಲಿನ ವಿಚಾರವನ್ನು ತಿಳಿಯದೆಯೇ ಪದವನ್ನು ಸಲೀಸಾಗಿ ಬಳಸುತ್ತಾರೆ, ಏಕೆಂದರೆ ಅದು ಒಂದೇ ವಸ್ತುವನ್ನು ಸೂಚಿಸುತ್ತದೆ ಮತ್ತು ಇಂದು ಸೂಚಿಸಿದ್ದನ್ನೇ ನಾಳೆಯೂ ಸೂಚಿಸುತ್ತದೆ.

ಕನ್ನಡದೊಳಗೆ ಬಂದಾಗ ಈ ವಿಚಾರಕ್ಕೆ ಇನ್ನೊಂದು ಮಗ್ಗುಲು ಸೇರಿಕೊಳ್ಳುತ್ತದೆ. ತಂತ್ರಾಂಶ, ದತ್ತಾಂಶ, ಅಂತರ್ಜಾಲ, ಜಾಲತಾಣ ಎಂಬ ಪದಗಳು ಪತ್ರಿಕೆಗಳ ಮೂಲಕ ಬೇರುಬಿಟ್ಟಿವೆ. ಕೀಲಿಮಣೆ ಚೆಲುವಾದ ಪದವಾಗಿದ್ದರೂ ಬರಹದಲ್ಲೇ ಹೆಚ್ಚು ಉಳಿದಿದೆ. ಗಣಕಯಂತ್ರ ಎಂದು ಬರೆಯುವವರೂ ಮಾತಿನಲ್ಲಿ ಕಂಪ್ಯೂಟರ್ ಎನ್ನುತ್ತಾರೆ. ಪದ ಉಳಿಯುವುದಕ್ಕೂ ಬಿಡುವುದಕ್ಕೂ ಅದು ಸಂಸ್ಕೃತವೋ ಇಂಗ್ಲಿಷೋ ಅಚ್ಚಗನ್ನಡವೋ ಎಂಬುದು ಮುಖ್ಯ ಕಾರಣವೆನ್ನಲಾಗದು. ವಿಭಕ್ತಿ ಪ್ರತ್ಯಯ ಹಚ್ಚಿದಾಗ ಅದು ನಾಲಿಗೆಯ ಮೇಲೆ ಹೇಗೆ ಹೊರಳುತ್ತದೆ ಎಂಬುದು ಹೆಚ್ಚು ಮುಖ್ಯ. ‘ಫೈಲಿನಲ್ಲಿ’, ‘ಜಾಲತಾಣಕ್ಕೆ’ ಎಂಬವು ಹೊರಳುತ್ತವೆ. ಕ್ರಿಯಾಪದಗಳ ವಿಷಯದಲ್ಲಂತೂ ಕನ್ನಡ ಸ್ವಲ್ಪವೂ ಸಾಲ ಮಾಡಬೇಕಾಗಿಲ್ಲ: ಉಳಿಸು, ಅಳಿಸು, ಹುಡುಕು, ಕಳುಹಿಸು, ತೆರೆ, ಮುಚ್ಚು ಇವೆಲ್ಲ ಅಡುಗೆಮನೆ ಹೊಲಗದ್ದೆಗಳಲ್ಲಿ ಬೆಳೆದ ಮಾತುಗಳಾಗಿದ್ದು ಪರದೆಯ ಮೇಲೂ ಅದೇ ಕೆಲಸವನ್ನು ಮಾಡುತ್ತವೆ. ಒಪ್ಪಿಗೆಯ ಗುಂಡಿಗೆ ‘ಸರಿ’ ಎಂಬುದಕ್ಕಿಂತ ತಕ್ಕ ಪದ ಯಾವ ಭಾಷೆಯಲ್ಲೂ ಇರಲಿಕ್ಕಿಲ್ಲ.

ಆದರೆ ಗುಂಡಿಯ ಮೇಲೆ ‘ಉಳಿಸು’ ಎಂದಿರಬೇಕೋ ‘ಉಳಿಸಿ’ ಎಂದಿರಬೇಕೋ? ಇಂಗ್ಲಿಷಿನ ಸೇವ್ ಎಂಬ ಪದಕ್ಕೆ ಈ ಪ್ರಶ್ನೆಯೇ ಏಳುವುದಿಲ್ಲ. ಕನ್ನಡ ಮಾತ್ರ ಯಾರು ಯಾರಿಗೆ ಹೇಳುತ್ತಿದ್ದಾರೆಂದು ತೀರ್ಮಾನಿಸಲೇಬೇಕು. ‘ಉಳಿಸಿ’ ಎಂದರೆ ಯಂತ್ರವು ಬಳಕೆದಾರರಿಗೆ ಗೌರವದಿಂದ ಸೂಚಿಸುತ್ತಿದೆ. ‘ಉಳಿಸು’ ಎಂದರೆ ಬಳಕೆದಾರರು ಯಂತ್ರಕ್ಕೆ ಅಪ್ಪಣೆ ಕೊಡುತ್ತಿದ್ದಾರೆ. ಉಳಿಸುವ ಕೆಲಸ ಮಾಡುವುದು ಯಂತ್ರವೇ ಆದ್ದರಿಂದ ಎರಡನೆಯದು ತರ್ಕಕ್ಕೆ ಹೆಚ್ಚು ಒಪ್ಪುತ್ತದೆ. ಹೀಗಿದ್ದರೂ ಅಪರಿಚಿತರೆದುರು ಏಕವಚನ ಕಂಡರೆ ಮುಜುಗರಪಡುವ ಕನ್ನಡದ ಮನಸ್ಸು ಮೊದಲನೆಯದಕ್ಕೇ ಒಲಿದಿದೆ. ಯಾವುದನ್ನು ಆರಿಸಿದರೂ ಒಂದೇ ಪರದೆಯಲ್ಲಿ ಎರಡನ್ನೂ ಬೆರೆಸದಿರುವುದು ಅನುವಾದಕರು ಬಳಕೆದಾರರಿಗೆ ತೋರಬೇಕಾದ ಕನಿಷ್ಠ ಮರ್ಯಾದೆ.

ಕನ್ನಡಿಗರೇ ಹೆಸರಿಟ್ಟ ತಂತ್ರಾಂಶಗಳು ಈ ದೃಷ್ಟಿಯಿಂದ ಹೆಮ್ಮೆಪಡುವಂತಿವೆ. ಕೆ.ಪಿ. ರಾವ್ ತಾವು ಸಿದ್ಧಪಡಿಸಿದ ಕನ್ನಡ ಬರವಣಿಗೆಯ ತಂತ್ರಾಂಶಕ್ಕೆ ಭಾಷಾವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ಸೇಡಿಯಾಪು ಎಂದು ಹೆಸರಿಟ್ಟರು. 1998ರಲ್ಲಿ ಶೇಷಾದ್ರಿವಾಸು ಹೊರತಂದದ್ದು ಬರಹ, ಕನ್ನಡ ಗಣಕ ಪರಿಷತ್ತು ರೂಪಿಸಿದ್ದು ನುಡಿ. ಎರಡು ಮೂರು ಅಕ್ಷರಗಳಲ್ಲಿ ಮಾಡುವ ಕೆಲಸವನ್ನೂ ಹೇಳಿ, ಬಾಯಿಗೂ ಹಿತವಾಗುವ ಇಂಥ ಹೆಸರುಗಳು ಅಪರೂಪ. ಸರ್ಕಾರದ ಯೋಜನೆಗಳಲ್ಲಿ ನಿಗದಿತ ಅವಧಿಯೊಳಗೆ ನಾಗರಿಕ ಸೇವೆ ಕೊಡಿಸುವ ಸಕಾಲ ತನ್ನ ಭರವಸೆಯನ್ನೇ ಹೆಸರಾಗಿಸಿಕೊಂಡಿದೆ. ರೈತರ ನೋಂದಣಿಗಾಗಿ ಇರುವ ಫ್ರೂಟ್ಸ್ ಎಂಬುದು ಉದ್ದನೆಯ ಇಂಗ್ಲಿಷ್ ಪದಪುಂಜದ ಮೊದಲಕ್ಷರಗಳನ್ನು ಹೊಂದಿಸಿಕೊಂಡ ಹೆಸರು. ರಾಗಿ ಬೆಳೆಯುವವನಿಗೆ ತಾನೇಕೆ ಹಣ್ಣಿನ ಹೆಸರಿನಲ್ಲಿ ನೋಂದಾಯಿಸಿಕೊಳ್ಳಬೇಕೆಂದು ತೋರಿದರೆ ಆ ತಪ್ಪು ಅವನದಲ್ಲ.

ಇವೆಲ್ಲಕ್ಕಿಂತ ಹೆಚ್ಚು ಕಲಿಸುವುದು ಭೂಮಿ ತಂತ್ರಾಂಶ. ಗ್ರಾಮ ಲೆಕ್ಕಿಗರ ಬಳಿಯಿದ್ದ, ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಜಮೀನು ದಾಖಲೆಗಳನ್ನು ಇದು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಗಣಕಕ್ಕೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ನಿಂತ ರೈತ ಭೂಮಿ ತಂತ್ರಾಂಶದ ಪ್ರತಿಯನ್ನು ಕೇಳುವುದಿಲ್ಲ, ಪಹಣಿ ಕೇಳುತ್ತಾನೆ; ಅದರಲ್ಲೂ ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ, ಹನ್ನೊಂದನೇ ಕಾಲಂನಲ್ಲಿ ಸಾಲ ಕೂತಿದೆಯೇ, ಹನ್ನೆರಡರಲ್ಲಿ ಯಾವ ಬೆಳೆ ಬರೆದಿದೆ ಎಂದು ವಿಚಾರಿಸುತ್ತಾನೆ. ಅಕ್ಷರ ಬಾರದ ಮುದುಕಿಯೂ ‘ಹನ್ನೊಂದನೇ ಕಾಲಂ’ ಎಂದರೆ ಏನೆಂಬುದನ್ನು ಬಲ್ಲಳು. ಯುಎಸ್‌ಬಿಯ ಅಂಕಿಗಳಂತೆಯೇ ಇವೂ ಬರಿಯ ಅಂಕಿಗಳೇ, ತಾವಾಗಿ ಯಾವ ಅರ್ಥವನ್ನೂ ಹೇಳುವುದಿಲ್ಲ. ಆದರೆ ಕೈಬರಹದ ಪುಸ್ತಕದಿಂದ ಗಣಕದ ಮುದ್ರಿತ ಹಾಳೆಗೆ ಬಂದಾಗ ದಾಖಲೆಯನ್ನು ರೂಪಿಸಿದವರು ಅವುಗಳನ್ನು ಅಲುಗಿಸದೆ ಅದೇ ಸ್ಥಾನದಲ್ಲಿ ಉಳಿಸಿಕೊಂಡರು, ಮತ್ತು ಜನ ಕಾಗದದ ಕಾಲದಲ್ಲಿ ಕಲಿತ ಮಾತಿನಿಂದಲೇ ಗಣಕದ ಕಾಲದ ದಾಖಲೆಯನ್ನೂ ವಿಚಾರಿಸುತ್ತಿದ್ದಾರೆ.