ಹೊಗೆಗೆ ಸವಾಲೆಸೆದ ಹುಡುಗರು

1968ರ ಆಗಸ್ಟ್ 26. ಅಮೆರಿಕದ ಎರಡು ತುದಿಗಳಿಂದ ಎರಡು ವಾಹನಗಳು ಎದುರುಬದುರಾಗಿ ಹೊರಟವು. ಪಶ್ಚಿಮದ ಪಾಸಡೀನಾದಿಂದ ಹತ್ತು ವರ್ಷದಷ್ಟು ಹಳೆಯ ಫೋಕ್ಸ್‌ವ್ಯಾಗನ್ ವ್ಯಾನು; ಪೂರ್ವದ ಬೋಸ್ಟನ್ ಪಕ್ಕದ ಕೇಂಬ್ರಿಜ್‌ನಿಂದ ಶೆವ್ರೊಲೆ ಕಾರು. ಎರಡರಲ್ಲೂ ಪೆಟ್ರೋಲ್ ಎಂಜಿನ್ ಇರಲಿಲ್ಲ. ಅದನ್ನು ಕಳಚಿ, ವಿದ್ಯುತ್ ಮೋಟಾರು ಮತ್ತು ಬ್ಯಾಟರಿಗಳನ್ನು ಕೂರಿಸಿದವರು ವಿದ್ಯಾರ್ಥಿಗಳು. ವ್ಯಾನು ಕ್ಯಾಲ್ಟೆಕ್ ಸಂಸ್ಥೆಯವರದು, ಕಾರು ಎಂಐಟಿಯವರದು. ಯಾರು ಎದುರಾಳಿಯ ಕಾಲೇಜನ್ನು ಕಡಿಮೆ ಸಮಯದಲ್ಲಿ ಮುಟ್ಟುತ್ತಾರೋ ಅವರು ಗೆದ್ದಂತೆ.

ಸವಾಲೆಸೆದವನು ವಾಲಿ ರಿಪೆಲ್ ಎಂಬ ಕ್ಯಾಲ್ಟೆಕ್ ವಿದ್ಯಾರ್ಥಿ. ಅವನಿಗೆ ಈ ಹುಚ್ಚು ಹಿಡಿದದ್ದು ಸುಮ್ಮನೆ ಅಲ್ಲ. ಪಾಸಡೀನಾ ಇರುವುದು ಲಾಸ್ ಏಂಜಲಿಸ್‌ನ ಮಗ್ಗುಲಲ್ಲಿ. ಅಲ್ಲಿ ಹೊತ್ತೇರಿದಂತೆ ಕಂದು ಮಬ್ಬು ಕವಿದು ಕಣ್ಣು ಉರಿಯುತ್ತಿತ್ತು. ಅದರ ಮೂಲವನ್ನು ಪತ್ತೆಹಚ್ಚಿದವರು ಅದೇ ಕ್ಯಾಲ್ಟೆಕ್‌ನ ರಸಾಯನಶಾಸ್ತ್ರ ಪ್ರಾಧ್ಯಾಪಕ ಆರಿ ಹಾಗೆನ್-ಸ್ಮಿಟ್. ಅನಾನಸ್ ಹಣ್ಣಿನ ಪರಿಮಳದ ಬೆನ್ನು ಹತ್ತಿದ್ದ ಇವರು ಅದೇ ವಿಧಾನದಲ್ಲಿ ಊರಿನ ಗಾಳಿಯನ್ನೂ ಪರೀಕ್ಷಿಸಿದರು! ವಾಹನಗಳು ಉಗುಳುವ ಹೈಡ್ರೋಕಾರ್ಬನ್‌ಗಳೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ವರ್ತಿಸಿದಾಗ ಓಝೋನ್ ಹುಟ್ಟುತ್ತದೆಂದು 1950ರ ದಶಕದ ಆರಂಭದಲ್ಲೇ ತೋರಿಸಿಕೊಟ್ಟರು. ಆಕಾಶದ ಎತ್ತರದಲ್ಲಿ ನಮ್ಮನ್ನು ಕಾಯುವ ಓಝೋನ್, ಮೂಗಿನ ಮಟ್ಟದಲ್ಲಿ ಶ್ವಾಸಕೋಶಕ್ಕೆ ವೈರಿ.

ದಾರಿಯುದ್ದಕ್ಕೂ 54 ಕಡೆ ಬ್ಯಾಟರಿ ತುಂಬಿಸಿಕೊಳ್ಳುವ ಏರ್ಪಾಡಾಗಿತ್ತು. ಸುಮಾರು 5,300 ಕಿ.ಮೀ. ಪಯಣ. ಎಂಐಟಿ ಹುಡುಗರು ಕಾದುಹೋಗುವ ಬ್ಯಾಟರಿಗಳಿಗೆ ಮಂಜುಗಡ್ಡೆ ಸುರಿದರು. ಇಬ್ಬರ ವಾಹನಗಳೂ ನಡುದಾರಿಯಲ್ಲಿ ಕೆಟ್ಟು ನಿಂತವು. ಮೊದಲು ಗುರಿ ಸೇರಿದ್ದು ಎಂಐಟಿ ಕಾರೇ, ಆದರೆ ಇನ್ನೊಂದು ವಾಹನ ಅದನ್ನು ಎಳೆದು ತಂದಿತ್ತು. ಅದಕ್ಕಾಗಿ ವಿಧಿಸಿದ ದಂಡದ ಸಮಯವನ್ನು ಕೂಡಿಸಿದಾಗ ಕ್ಯಾಲ್ಟೆಕ್ ಅರ್ಧ ಗಂಟೆಯ ಅಂತರದಲ್ಲಿ ಗೆದ್ದಿತು. ವ್ಯಾನಿಗೆ ಹಿಡಿದದ್ದು 210 ಗಂಟೆ! ಪೆಟ್ರೋಲ್ ಕಾರಿನವರು ನಕ್ಕಿದ್ದರೆ ಆಶ್ಚರ್ಯವಿಲ್ಲ. ಕಲ್ಲಿದ್ದಲು ಸುಟ್ಟು ತೆಗೆದ ವಿದ್ಯುತ್ತಿನಲ್ಲಿ ಓಡಿದರೆ ಹೊಗೆ ಬೇರೆ ಊರಿಗೆ ಹೋದೀತೇ ಹೊರತು ಇಲ್ಲವಾಗದು ಎಂಬ ಆಕ್ಷೇಪವೂ ಸುಳ್ಳಲ್ಲ.

ಆದರೆ ಹುಡುಗರು ಅಷ್ಟಕ್ಕೇ ಬಿಡಲಿಲ್ಲ. 1970ರ ಆಗಸ್ಟ್‌ನಲ್ಲಿ ಎಂಐಟಿಯಿಂದ ಕ್ಯಾಲ್ಟೆಕ್‌ವರೆಗೆ 'ಶುದ್ಧ ಗಾಳಿ ಕಾರು ಪಂದ್ಯ' ನಡೆಯಿತು. ಹಲವಾರು ಕಾಲೇಜುಗಳ ಸುಮಾರು 40 ವಾಹನಗಳು. ಇಲ್ಲಿ ವೇಗಕ್ಕಿಂತ ಹೊಗೆಯ ಅಳತೆ ಮುಖ್ಯ. ಗೆದ್ದದ್ದು ಕಾರುಗಳ ತವರಾದ ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಅವರ ಕಾರು ಓಡಿದ್ದು ಸೀಸರಹಿತ ಪೆಟ್ರೋಲಿನಲ್ಲಿ. ಹೊಗೆ ಕೊಳವೆಗೆ ಕ್ಯಾಟಲಿಟಿಕ್ ಕನ್ವರ್ಟರ್ ಅಳವಡಿಸಿದ್ದರು. ಇದರೊಳಗಿನ ಪ್ಲಾಟಿನಂನಂಥ ಕ್ರಿಯಾವರ್ಧಕ ಲೋಹದ ಮೇಲೆ ಹಾಯುವಾಗ ವಿಷಾನಿಲಗಳು ಇಂಗಾಲದ ಡೈಆಕ್ಸೈಡ್, ನೀರಾವಿಗಳಾಗಿ ಮಾರ್ಪಡುತ್ತವೆ. ಪೆಟ್ರೋಲಿನಲ್ಲಿ ಸೀಸವಿದ್ದರೆ ಲೋಹದ ಮೇಲೆ ಕೂತು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಅದೇ ಡಿಸೆಂಬರ್‌ 31ರಂದು ಅಮೆರಿಕದ ಕಠಿಣ ಶುದ್ಧ ಗಾಳಿ ಕಾನೂನಿಗೆ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. 1975ರ ಮಾದರಿಯ ಕಾರುಗಳಿಗೆ ಕನ್ವರ್ಟರ್ ಬಂತು. ಭಾರತದ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಅದು ಬಂದದ್ದು 1995ರಲ್ಲಿ. ಸೀಸದ ಪೆಟ್ರೋಲ್ ದೇಶದಿಂದಲೇ ತೊಲಗಿದ್ದು 2000ದಲ್ಲಿ.

ಅಂಗಡಿಯಲ್ಲಿ ಹಣ ಕೊಟ್ಟರೆ ಅಂತಿಮ ವರ್ಷದ ಪ್ರಾಜೆಕ್ಟ್ ಸಿದ್ಧವಾಗಿ ಸಿಗುವ ಕಾಲವಿದು. ಮಗ ಕೈಗೆ ಗ್ರೀಸ್ ಮೆತ್ತಿಕೊಂಡು ಮನೆಗೆ ಬಂದರೆ ಗದರುವ ತಂದೆತಾಯಂದಿರೂ ಉಂಟು. ಬೆಂಗಳೂರಿನ ಹುಡುಗ ಚೇತನ್ ಮೈನಿ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಅಲ್ಲಿನ ವಿದ್ಯಾರ್ಥಿಗಳ ಸೌರ ಕಾರಿನ ತಂಡದಲ್ಲಿ ದುಡಿದವರು. 1990ರಲ್ಲಿ ಆ 'ಸನ್‌ರನ್ನರ್' ಅಮೆರಿಕದ ಕಾಲೇಜುಗಳ ಸೌರ ಪಂದ್ಯವನ್ನು ಗೆದ್ದು, ಆಸ್ಟ್ರೇಲಿಯಾದ ಪಂದ್ಯದಲ್ಲಿ ಮೂರನೆಯದಾಯಿತು. ಊರಿಗೆ ಮರಳಿದ ಮೈನಿ 2001ರಲ್ಲಿ ಬೆಂಗಳೂರಿನ ರಸ್ತೆಗಿಳಿಸಿದ್ದು ಪುಟ್ಟ ವಿದ್ಯುತ್ ಕಾರು 'ರೇವಾ'. ಅದರ ಸೀಟಿನಡಿ ಕೂತಿದ್ದ ಬ್ಯಾಟರಿಗಳು ರಿಪೆಲ್‌ನ ವ್ಯಾನಿನಲ್ಲಿದ್ದ ಜಾತಿಯವೇ: ಲೆಡ್ ಆಸಿಡ್.